ಕಣ್ಣಿಗೆ ಕಾಣದ ಟ್ಯೂಬು

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಒಂದು ಸೀರೆ ಆರಿಸಲು ನಾವು ಎರಡು ಗಂಟೆ ಕಳೆಯುತ್ತೇವೆ. ಸೆರಗು ಬಿಡಿಸಿ ನೋಡುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಬಣ್ಣ ಹೋಗುವುದಿಲ್ಲ ತಾನೇ ಎಂದು ಮೂರು ಸಲ ಕೇಳುತ್ತೇವೆ. ಮಾವಿನಹಣ್ಣನ್ನು ಮೂಸುತ್ತೇವೆ, ತೆಂಗಿನಕಾಯಿಯನ್ನು ತಟ್ಟಿ ಕಿವಿಗೊಡುತ್ತೇವೆ. ಆದರೆ ಮನೆಮಂದಿಯನ್ನು ಹೊತ್ತು ಓಡುವ ಬೈಕಿನ ಟ್ಯೂಬು ಬದಲಾಯಿಸುವಾಗ ಎರಡು ನಿಮಿಷವೂ ನಮಗೆ ಹೆಚ್ಚು. ಅದೂ ರಸ್ತೆಯ ಬದಿಯಲ್ಲಿ, ಬಿಸಿಲಿನಲ್ಲಿ, ಆಫೀಸಿಗೆ ತಡವಾಯಿತೆಂಬ ಸಿಡುಕಿನಲ್ಲಿ. 'ಯಾವುದಾದರೂ ಹಾಕಪ್ಪಾ, ಬೇಗ ಹಾಕು' ಎಂದು ಮೊಬೈಲ್ ನೋಡುತ್ತಾ ನಿಲ್ಲುತ್ತೇವೆ. ಒಮ್ಮೆ ಟೈರಿನೊಳಗೆ ಸೇರಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೈಕೊಟ್ಟಾಗ ಮಾತ್ರ ಅಂಥದ್ದೊಂದು ಇತ್ತೆಂಬುದು ನೆನಪಾಗುತ್ತದೆ.

ನಮ್ಮ ಮನೆಯಲ್ಲಿ ಅದು ನೆನಪಾದದ್ದು ಹೀಗೆ. ಮಗ ತನ್ನ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬನ್ನೇರುಘಟ್ಟ ರಸ್ತೆಯಲ್ಲಿ ಬರುತ್ತಿದ್ದ. ಅಮ್ಮೀಜಾನ್ ಆ ಕಾಲದವರು, ಒಂದೇ ಕಡೆಗೆ ಕಾಲು ಹಾಕಿ ಕೂರುವವರು. ಹಿಂದಿನ ಚಕ್ರದ ಗಾಳಿ ಒಮ್ಮೆಲೇ ಹೋಯಿತು. ಗಾಡಿ ಹಾವಿನಂತೆ ಹೊರಳಿತು. ಹುಡುಗ ಗಾಬರಿಯಲ್ಲಿ ಹಿಂದಿನ ಬ್ರೇಕ್ ತುಳಿಯದೆ ಹ್ಯಾಂಡಲ್ ಬಿಗಿಯಾಗಿ ಹಿಡಿದು ಗಾಡಿಯನ್ನು ತಾನಾಗಿಯೇ ನಿಧಾನವಾಗಲು ಬಿಟ್ಟ. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕನೂ ಸಕಾಲಕ್ಕೆ ಬ್ರೇಕ್ ಒತ್ತಿದ. ಅಲ್ಲಾಹನ ದಯೆ, ಅಮ್ಮೀಜಾನ್ ಅವರ ಚಪ್ಪಲಿಯೊಂದು ಕಳೆದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆ ಟ್ಯೂಬು ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ.

ಗಾಡಿಯನ್ನು ತಳ್ಳಿಕೊಂಡು ಗುರಪ್ಪನಪಾಳ್ಯದ ಒಂದು ಪಂಕ್ಚರ್ ಅಂಗಡಿಗೆ ತಂದೆವು. ಅಂಗಡಿ ಎಂದರೆ ಒಂದು ತಗಡಿನ ಮಾಡು, ಒಂದು ಕಂಪ್ರೆಸರ್, ಕಪ್ಪು ನೀರಿನ ಒಂದು ತೊಟ್ಟಿ, ಗುರುತಿಗೆಂದು ರಸ್ತೆಗೆ ಕಾಣುವಂತೆ ನೇತುಹಾಕಿದ ಹಳೆಯ ಟೈರು. ಅಲ್ಲಿಯ ಚಾಚಾ ಚಕ್ರ ಬಿಚ್ಚಿ ಟ್ಯೂಬು ಹೊರಗೆಳೆದರು. ನಾವು ಕುತ್ತಿಗೆ ಚಾಚಿ ನಿಂತೆವು. ವಾಲ್ವಿನ ಬುಡದಲ್ಲಿ ಬೆರಳುದ್ದ ಹರಿದಿತ್ತು. ಅವರು ಹರಿದ ಜಾಗ ನೋಡುವ ಮೊದಲು ಟ್ಯೂಬಿನ ಮೇಲೆ ಅಚ್ಚೊತ್ತಿದ ಅಂಕಿಗಳನ್ನು ನೋಡಿದರು. ಆಮೇಲೆ ಟೈರಿನ ಅಂಕಿಗಳನ್ನು ತೋರಿಸಿದರು.

'ಟ್ಯೂಬ್ ನವಾ ಹೈ, ಮಗರ್ ಇಸ್ ಗಾಡಿ ಕಾ ನೈ' ಎಂದರು. ಟ್ಯೂಬೇನೋ ಹೊಸದು, ಆದರೆ ಈ ಗಾಡಿಯದಲ್ಲ.

ಟೈರು 3.00-18. ಟ್ಯೂಬು 2.50-18. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನ ಲೆಕ್ಕ. ಸಣ್ಣ ಟ್ಯೂಬನ್ನು ದೊಡ್ಡ ಟೈರಿಗೆ ಹಾಕಿದರೆ ಅದು ಬಲೂನಿನಂತೆ ಹಿಗ್ಗಿ ತೆಳುವಾಗುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಗಾಳಿ ನಿಲ್ಲುತ್ತದೆ, ಗಾಡಿ ಓಡುತ್ತದೆ. ಹಿಗ್ಗಿದ ರಬ್ಬರು ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಹಳ್ಳ ಬಂದಾಗ, ಹಿಂದೆ ಒಬ್ಬರು ಕೂತಾಗ, ಮಧ್ಯಾಹ್ನದ ಡಾಂಬರು ಕಾದಾಗ. ದೊಡ್ಡ ಟ್ಯೂಬನ್ನು ಸಣ್ಣ ಟೈರಿನಲ್ಲಿ ತುರುಕಿದರೂ ಕ್ಷೇಮವಲ್ಲ. ಅದು ಒಳಗೆ ಮಡಿಕೆ ಬೀಳುತ್ತದೆ, ಆ ಮಡಿಕೆ ದಿನವೂ ಉಜ್ಜಿಕೊಂಡು ಅಲ್ಲಿಯೇ ಸವೆಯುತ್ತದೆ. ಟ್ಯೂಬು ಹಾಕಿದ ಅಂಗಡಿಯವನ ಬಳಿ ಆ ದಿನ ಸರಿಯಾದ ಅಳತೆ ಇರಲಿಲ್ಲವೋ ಏನೋ. ಇದ್ದದ್ದನ್ನು ಹಾಕಿ ಕಳುಹಿಸಿದ್ದ. ಒಳಗಿರುವುದನ್ನು ಯಾರು ನೋಡುತ್ತಾರೆ?

ಚಾಚಾ ಪಾಠ ಹೇಳುವ ಜಾತಿಯವರಲ್ಲ. ನಾವೇ ಕೇಳಿದೆವು, ಅವರು ಕೈ ಕೆಲಸದ ಮಧ್ಯೆ ಒಂದೊಂದೇ ಮಾತು ಉದುರಿಸಿದರು. ಅಂದು ಕಲಿತದ್ದನ್ನು, ಆಮೇಲೆ ಅಲ್ಲಿಗೇ ಹೋಗಿ ಬಂದು ತಿಳಿದದ್ದನ್ನು ಇಲ್ಲಿ ಬರೆದರೆ ಓದುಗರಲ್ಲಿ ಕೆಲವರಿಗಾದರೂ ಉಪಯೋಗವಾದೀತು.

ಮೊದಲು ಅಳತೆ. ಟೈರಿನ ಮೇಲಿನ ಅಂಕಿಯೂ ಟ್ಯೂಬಿನ ಮೇಲಿನ ಅಂಕಿಯೂ ಹೊಂದಬೇಕು. ಕೆಲವು ಟ್ಯೂಬುಗಳ ಮೇಲೆ ಎರಡು ಮೂರು ಅಳತೆಗಳನ್ನು ಒಟ್ಟಿಗೆ ಬರೆದಿರುತ್ತಾರೆ. ನಮ್ಮ ಟೈರಿನ ಅಳತೆ ಅವುಗಳಲ್ಲಿ ಒಂದಾಗಿದ್ದರೆ ಸಾಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಒಂದೇ ಅಳತೆ ಎಂದು ತಿಳಿಯಬಾರದು. ಯಮಹಾ ಆರ್‌ಎಕ್ಸ್ 100ಕ್ಕೆ ಮುಂದೆ 2.50-18, ಹಿಂದೆ 2.75-18. ಹಳೆಯ ಬಜಾಜ್ ಚೇತಕ್ ಸ್ಕೂಟರಿನವರಿಗೆ ಆ ತಲೆನೋವಿಲ್ಲ. ಎರಡೂ ಕಡೆ 3.50-10, ಸಾಲದ್ದಕ್ಕೆ ಸ್ಟೆಪ್ನಿಯೂ ಬೆನ್ನಿಗೇ ಇತ್ತು.

ಎರಡನೆಯದು ವಾಲ್ವು. ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ನೇರ ವಾಲ್ವು, ಸಣ್ಣ ಚಕ್ರದ ಸ್ಕೂಟರಿಗೆ ಬಾಗಿದ ವಾಲ್ವು. ಗಾಡಿ ನಿಲ್ಲಿಸಿದಾಗ ಒಮ್ಮೆ ಬಗ್ಗಿ ನೋಡಿ. ನೇರವಾಗಿ ನಿಲ್ಲಬೇಕಾದ ವಾಲ್ವು ಒಂದು ಕಡೆಗೆ ವಾಲಿದ್ದರೆ ಟೈರು ರಿಮ್ಮಿನ ಮೇಲೆ ಸರಿಯುತ್ತಿದೆ, ಟ್ಯೂಬನ್ನೂ ಎಳೆಯುತ್ತಿದೆ ಎಂದರ್ಥ. ಗಾಳಿ ಕಡಿಮೆ ಇಟ್ಟುಕೊಂಡು ಓಡಿಸುವವರಿಗೆ ಹೀಗಾಗುವುದು ಹೆಚ್ಚು. ಹಾಗೆಯೇ ಬಿಟ್ಟರೆ ಒಂದು ದಿನ ಬುಡದಲ್ಲಿ ಹರಿಯುತ್ತದೆ, ಆ ಜಾಗಕ್ಕೆ ಪ್ಯಾಚ್ ನಿಲ್ಲುವುದಿಲ್ಲ.

ಮೂರನೆಯದು ಮುದ್ರೆ. ವಾಹನಗಳ ಟೈರು ಟ್ಯೂಬುಗಳಿಗೆ ಕೇಂದ್ರ ಸರ್ಕಾರ 2009ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ಐಎಸ್‌ಐ ಮುದ್ರೆಯನ್ನು ಕಡ್ಡಾಯ ಮಾಡಿತು. ಟ್ಯೂಬಿಗೆ ಸಂಬಂಧಿಸಿದ ಮಾನಕದ ಸಂಖ್ಯೆ ಐಎಸ್ 13098. ಪೆಟ್ಟಿಗೆಯ ಮೇಲೆ ಮಾತ್ರವಲ್ಲ, ರಬ್ಬರಿನ ಮೇಲೂ ಆ ಗುರುತಿದೆಯೇ ಎಂದು ನೋಡಬೇಕು. ಪೆಟ್ಟಿಗೆ ಅಚ್ಚು ಹಾಕಿಸುವುದು ಸುಲಭ. ಹಳೆಯ ಟ್ಯೂಬಿಗೆ ಪೌಡರ್ ಬಳಿದು ಹೊಸ ಪೆಟ್ಟಿಗೆಗೆ ಸೇರಿಸುವ ಚತುರರೂ ಲೋಕದಲ್ಲಿದ್ದಾರೆ. ಅಂಗಡಿಯ ಹೊರಗೆ ಬಿಸಿಲಿಗೆ ನೇತುಹಾಕಿದ ಟ್ಯೂಬನ್ನು ಕೊಳ್ಳುವುದೂ ಬೇಡ. ಬಿಸಿಲು, ಗಾಳಿ ತಾಗಿ ತಾಗಿ ರಬ್ಬರು ಬಿರುಕು ಬಿಡುತ್ತದೆ. ಚಾಚಾ ತಮ್ಮ ಹೊಸ ಟ್ಯೂಬುಗಳನ್ನು ಹಳೆಯ ಟ್ರಂಕಿನಲ್ಲಿ ಇಡುತ್ತಾರೆ. ಟೈರಿಗೆ ಹಾಕುವ ಮೊದಲು ಸ್ವಲ್ಪ ಗಾಳಿ ತುಂಬಿ ಕೈಯಲ್ಲಿ ತಿರುಗಿಸುತ್ತಾರೆ. ಒಂದು ಕಡೆ ಹೊಟ್ಟೆ ಬಂದಂತೆ ಉಬ್ಬಿದರೆ ಅಲ್ಲಿ ರಬ್ಬರು ತೆಳುವಾಗಿದೆ ಎಂದು ತಿಳಿಯಿತು. ಆ ಟ್ಯೂಬು ಪೆಟ್ಟಿಗೆಗೆ ವಾಪಸ್.

ನಾಲ್ಕನೆಯದು ರಬ್ಬರಿನ ಜಾತಿ. ಈ ಮಾತಿಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಾಳಿ ತುಂಬಿದ ಟೈರಿಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಅವರಿಂದ. ಡನ್‌ಲಪ್ ಪಶುವೈದ್ಯರು. ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲಿ ಎಂದು ಚಕ್ರಕ್ಕೆ ಗಾಳಿಯ ಕೊಳವೆ ಸುತ್ತಿದರು. ಅಂದಿನಿಂದ ಬಹುಕಾಲ ಟ್ಯೂಬೆಂದರೆ ಮರದ ಹಾಲಿನ ರಬ್ಬರು. 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಪೆಟ್ರೋಲಿಯಂ ಮೂಲದಿಂದ ಬ್ಯುಟೈಲ್ ರಬ್ಬರನ್ನು ಕಂಡುಹಿಡಿದರು. ಅದರ ದೊಡ್ಡ ಗುಣ ಗಾಳಿಯನ್ನು ಬಿಟ್ಟುಕೊಡದಿರುವುದು. ಮರದ ರಬ್ಬರಿನ ಟ್ಯೂಬಿಗೆ ವಾರಕ್ಕೊಮ್ಮೆ ಗಾಳಿ ಹೊಡೆಸಬೇಕಾದರೆ ಬ್ಯುಟೈಲ್ ಟ್ಯೂಬು ಅದಕ್ಕಿಂತ ಎಷ್ಟೋ ಹೆಚ್ಚು ದಿನ ತಾಳುತ್ತದೆ. ಆದರೆ ಮರದ ರಬ್ಬರಿಗೂ ಅದರದೇ ಗುಣವಿದೆ. ಅದು ಜಗ್ಗಿದರೆ ಜಗ್ಗುತ್ತದೆ, ಹರಿತ ತಡೆಯುತ್ತದೆ, ಪ್ಯಾಚನ್ನು ಬೇಗ ಹಿಡಿದುಕೊಳ್ಳುತ್ತದೆ. ಬ್ಯುಟೈಲ್ ಮೇಲೆ ಪ್ಯಾಚ್ ನಿಲ್ಲಬೇಕಾದರೆ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಒಣಗುವವರೆಗೆ ತಾಳ್ಮೆಯಿಂದ ಕಾಯಬೇಕು. ಸಿಟಿಯಲ್ಲಿ ಓಡಿಸುವ, ಗಾಳಿ ನೋಡಲು ಮರೆಯುವ ನಮ್ಮಂಥವರಿಗೆ ಬ್ಯುಟೈಲೇ ಮೇಲೆಂದು ಚಾಚಾ ಹೇಳಿದರು.

ಮರದ ರಬ್ಬರಿನ ಕತೆ ನಮ್ಮ ನಾಡಿನಲ್ಲಿಯೂ ಇದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿಬಂದ ತಮಿಳು ಕೂಲಿ ಕುಟುಂಬಗಳಿಗೆ ಬದುಕು ಕಟ್ಟಿಕೊಡಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಸರ್ಕಾರದ ರಬ್ಬರ್ ತೋಟಗಳು ಎದ್ದವು. ನಸುಕಿನಲ್ಲಿ ಎದ್ದು ಮರಕ್ಕೆ ಗೀರು ಹಾಕುವ ಆ ಕೈಗಳನ್ನು ಟ್ಯೂಬು ಕೊಳ್ಳುವವರು ಯಾರೂ ಕಂಡಿಲ್ಲ. ಮೈಸೂರಿನ ಮೇಟಗಳ್ಳಿಯಲ್ಲಿ ಡನ್‌ಲಪ್ ಹೆಸರಿನಲ್ಲಿ ದ್ವಿಚಕ್ರ ವಾಹನಗಳ ಟೈರು ತಯಾರಿಸುತ್ತಿದ್ದ ಫಾಲ್ಕನ್ ಟೈರ್ಸ್ ಕಾರ್ಖಾನೆ 2010ರ ದಶಕದ ಮಧ್ಯದಲ್ಲಿ ನಿಂತುಹೋದಾಗ ಎಷ್ಟೋ ಕಾರ್ಮಿಕರ ಮನೆಯ ಒಲೆಗಳು ತಣ್ಣಗಾದವು. ಟೈರಿನೊಳಗೆ ಅಡಗಿ ಕೂತ ಟ್ಯೂಬಿನಂತೆಯೇ ಅದರ ಹಿಂದಿನ ಜನರೂ ಕಣ್ಣಿಗೆ ಬೀಳುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಮಗೊಂದು ಸಂಗತಿ ಉಳಿಯಿತು. ಅಳತೆ, ವಾಲ್ವು, ಮುದ್ರೆ, ರಬ್ಬರು, ಇವನ್ನೆಲ್ಲ ನಾವೂ ನೋಡಬಹುದು. ಆದರೆ ಹೊಸ ಟ್ಯೂಬು ಬೇಕೇ ಬೇಡವೇ ಎಂಬ ಮೊದಲ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿಲ್ಲ. ಅದು ಚಕ್ರ ಬಿಚ್ಚಿದವನ ಕೈಯಲ್ಲಿದೆ. ತೂತು ವಾಲ್ವಿನ ಬುಡದಲ್ಲೋ ಜೋಡಣೆಯ ಮೇಲೋ ಇದ್ದರೆ, ಉದ್ದಕ್ಕೆ ಹರಿದಿದ್ದರೆ, ಪ್ಯಾಚಿನ ಮೇಲೆ ಪ್ಯಾಚ್ ಬೀಳುವಂತಿದ್ದರೆ ಟ್ಯೂಬು ಬದಲಾಯಿಸಬೇಕು. ಮೊಳೆ ಚುಚ್ಚಿದ ಸಣ್ಣ ತೂತಿಗೆ ಪ್ಯಾಚ್ ಸಾಕು. ಈ ವ್ಯತ್ಯಾಸ ಬಲ್ಲವನು ಒಂದು ಸುಳ್ಳು ಹೇಳಿದರೆ ಅವನಿಗೆ ಒಂದು ಟ್ಯೂಬಿನ ಲಾಭ. ಟೈರಿನೊಳಗೆ ಲಿವರ್ ಆಡಿಸುವಾಗ ಇನ್ನೆರಡು ತೂತು ಮಾಡಿ ನೀರಿನ ತೊಟ್ಟಿಯಲ್ಲಿ ಗುಳ್ಳೆ ತೋರಿಸುವುದು ಕಷ್ಟವೇನಲ್ಲ. ಅದನ್ನು ಮಾಡುವವರೂ ಇದ್ದಾರೆ. ಆಡದೆ ಮುಚ್ಚಿಟ್ಟರೆ ಅದೇನೂ ಈ ಕಸುಬಿನ ಗೌರವ ಹೆಚ್ಚಿಸುವುದಿಲ್ಲ.

ಇನ್ನೂ ಕೆಟ್ಟದ್ದು ಮೊಳೆಯ ದಂಧೆ. ಬನಶಂಕರಿಯಿಂದ ಹೊರವರ್ತುಲ ರಸ್ತೆಯ ಕಚೇರಿಗೆ ಹೋಗಿಬರುತ್ತಿದ್ದ ಬೆನೆಡಿಕ್ಟ್ ಜೆಬಕುಮಾರ್ ಎಂಬ ಐಟಿ ಉದ್ಯೋಗಿ ಪದೇ ಪದೇ ಪಂಕ್ಚರ್ ಆಗುವುದನ್ನು ಕಂಡು 2014ರಿಂದ ರಸ್ತೆಯಲ್ಲಿ ಬಿದ್ದ ಮೊಳೆಗಳನ್ನು ಆಯತೊಡಗಿದರು. ಆಮೇಲೆ ಆಯಸ್ಕಾಂತದ ಕೋಲು ಹಿಡಿದು ಹೆಕ್ಕಿದರು. ಹಾಗೆ ಒಟ್ಟುಮಾಡಿದ್ದು ಹತ್ತಾರು ಕಿಲೋ. ಪತ್ರಿಕೆಗಳು ಬರೆದವು, ಪೊಲೀಸರು ಎಚ್ಚೆತ್ತರು. ಮೊಳೆಗಳು ಒಂದೇ ಬಗೆಯವು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಗುತ್ತವೆ ಎಂದಾಗ ಅನುಮಾನ ಯಾರ ಮೇಲೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಗುರಪ್ಪನಪಾಳ್ಯದ ಚಾಚಾ ಬಳಿ ಈ ಮಾತು ತೆಗೆದಾಗ ಅವರ ಮುಖ ಕಪ್ಪಾಯಿತು. 'ಮೊಳೆ ಹಾಕುವವನ ಹೆಂಡತಿ ಮಕ್ಕಳೂ ಅದೇ ರಸ್ತೆಯಲ್ಲಿ ಓಡಾಡಬೇಕಲ್ಲ ಸಾಬ್' ಎಂದಷ್ಟೇ ಹೇಳಿ ಟೈರಿನೊಳಗೆ ಬೆರಳಾಡಿಸುತ್ತಾ ಕೂತರು. ಹೊಸ ಟ್ಯೂಬು ಸೇರಿಸುವ ಮೊದಲು ಹೀಗೆ ಬೆರಳಾಡಿಸುವುದು ಅವರ ಕ್ರಮ. ಮೊಳೆಯ ತುದಿಯೋ ತಂತಿಯ ಚೂರೋ ಟೈರಿನಲ್ಲೇ ಉಳಿದಿದ್ದರೆ ಎಂಥ ಒಳ್ಳೆಯ ಟ್ಯೂಬೂ ಮುಂದಿನ ಸಿಗ್ನಲ್ ದಾಟುವುದಿಲ್ಲ. ಅವರ ಬಲಗೈಯ ಬೆರಳ ತುದಿಗಳಲ್ಲಿ ಹಳೆಯ ಗಾಯದ ಗೆರೆಗಳು ಹತ್ತಾರಿವೆ. ಅವೆಲ್ಲ ಯಾರ್ಯಾರದೋ ಟೈರಿನಲ್ಲಿ ಉಳಿದಿದ್ದ ಮೊಳೆಗಳ ಗುರುತು.

ಪಂಕ್ಚರ್ ಅಂಗಡಿ ಎಂಬುದು ಈಚಿನ ವರ್ಷಗಳಲ್ಲಿ ಬರಿಯ ಕಸುಬಿನ ಹೆಸರಾಗಿ ಉಳಿದಿಲ್ಲ, ಒಂದು ಸಮುದಾಯವನ್ನು ಹಂಗಿಸುವ ಪದವಾಗಿದೆ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿ ಟೌನ್‌ಹಾಲ್ ಮುಂದೆ ನಡೆದ ಸಭೆಯಲ್ಲಿ ಬೆಂಗಳೂರು ದಕ್ಷಿಣದ ಸಂಸದರು, ಕಾಯ್ದೆಯನ್ನು ವಿರೋಧಿಸುವವರು ಅಕ್ಷರ ಬಾರದ ಪಂಕ್ಚರ್ ಅಂಗಡಿಯವರು ಎಂಬ ಅರ್ಥದ ಮಾತಾಡಿದರು. ಜಯನಗರ, ಬನಶಂಕರಿ, ಬಿಟಿಎಂ ಎಲ್ಲವೂ ಅವರದೇ ಕ್ಷೇತ್ರದ ಬಡಾವಣೆಗಳು. 2025ರ ಏಪ್ರಿಲ್ 14ರಂದು ಹರಿಯಾಣದ ಹಿಸಾರಿನಲ್ಲಿ ಪ್ರಧಾನಿಯವರು, ವಕ್ಫ್ ಆಸ್ತಿ ಪ್ರಾಮಾಣಿಕವಾಗಿ ಬಳಕೆಯಾಗಿದ್ದರೆ ಮುಸ್ಲಿಂ ಯುವಕರು ಸೈಕಲ್ ಪಂಕ್ಚರ್ ಹಾಕಿ ಬದುಕಬೇಕಾಗಿರಲಿಲ್ಲ ಎಂದರು. ಮೊದಲನೆಯದು ತಿರಸ್ಕಾರ, ಎರಡನೆಯದು ಮರುಕ. ಎರಡರಲ್ಲೂ ಪಂಕ್ಚರ್ ಹಾಕುವವನೆಂದರೆ ಏನೂ ತಿಳಿಯದವನು, ಏನೂ ಆಗಲಾರದವನು ಎಂಬ ಒಂದೇ ಎಣಿಕೆ ಅಡಗಿದೆ.

ನಮ್ಮ ಹುಡುಗರು ಓದಬೇಕು, ಡಾಕ್ಟರು ಇಂಜಿನಿಯರು ಆಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಶಾಲೆ ಬಿಟ್ಟ ಹನ್ನೆರಡು ವರ್ಷದ ಹುಡುಗ ಟೈರು ಬಿಚ್ಚುತ್ತಾ ಕೂರುವುದನ್ನು ಕಸುಬಿನ ಹೆಮ್ಮೆ ಎಂದು ಕೊಂಡಾಡುವುದೂ ಬೇಡ. ಅಲ್ಲಿ ಸಮುದಾಯದ ಸೋಲೂ ಇದೆ, ಸರ್ಕಾರದ ಸೋಲೂ ಇದೆ. ಆದರೆ ಓದು ಬೇರೆ, ತಿಳಿವಳಿಕೆ ಬೇರೆ. ನಮ್ಮ ಚಾಚಾ ಉರ್ದು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಟ್ಯೂಬಿನ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಅರ್ಧವನ್ನು ಗುರುತಿನಿಂದ ಬಲ್ಲರೇ ಹೊರತು ಓದಿ ಅಲ್ಲ. ಹಾಗಿದ್ದೂ ಅಮ್ಮೀಜಾನ್ ಅವರನ್ನು ಹೊತ್ತ ಗಾಡಿ ಏಕೆ ಹೊರಳಿತೆಂಬುದನ್ನು ಅರೆ ನಿಮಿಷದಲ್ಲಿ ಓದಿದವರು ಅವರೇ. 2.50 ಎಂಬುದನ್ನು 3.00ರೊಳಗೆ ತುರುಕಿ ಕಳುಹಿಸಿದವನ ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ ಇತ್ತು.

ಈಗ ಈ ಕಸುಬೇ ಕರಗುತ್ತಿದೆ. ಅಲಾಯ್ ಚಕ್ರದ ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಟ್ಯೂಬ್‌ಲೆಸ್ ಟೈರು. ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಚಕ್ರ ಬಿಚ್ಚದೆ ಹೊರಗಿನಿಂದಲೇ ರಬ್ಬರಿನ ಬತ್ತಿ ತುರುಕಿ ಮುಗಿಸಬಹುದು. ಸವಾರನಿಗೆ ಅದು ನಿಜಕ್ಕೂ ಕ್ಷೇಮ. ಅದನ್ನು ಹಳಿಯುವುದು ಸರಿಯಲ್ಲ. ಆದರೆ ಕಡ್ಡಿ ಚಕ್ರದ ಗಾಡಿಗಳಲ್ಲಿ ಕಡ್ಡಿಯ ತೂತುಗಳಿಂದ ಗಾಳಿ ಹೋಗುವ ಕಾರಣ ಸಾಮಾನ್ಯವಾಗಿ ಟ್ಯೂಬು ಬೇಕೇ ಬೇಕು. ಬಿಟಿಎಂ ಲೇಔಟಿನ ಓಣಿಗಳಲ್ಲಿ ಊಟದ ಚೀಲ ಬೆನ್ನಿಗೆ ಕಟ್ಟಿಕೊಂಡು ಓಡುವ ಹುಡುಗರಲ್ಲಿ ಹಲವರ ಕೆಳಗಿರುವುದು ಎರಡನೇ ಕೈಯ ಹಳೆಯ ಗಾಡಿ. ಟೈರು ಬೋಳಾಗಿರುತ್ತದೆ, ಟ್ಯೂಬಿನ ಮೇಲೆ ಪ್ಯಾಚುಗಳ ಸಾಲಿರುತ್ತದೆ. ಒಂದು ಪಂಕ್ಚರ್ ಎಂದರೆ ಅವರಿಗೆ ಒಂದೆರಡು ಆರ್ಡರುಗಳ ನಷ್ಟ. ಅಂಥವರಿಗೆ ಟ್ಯೂಬಿನ ಬೆಲೆಯಲ್ಲಿ ನೂರು ರೂಪಾಯಿಯ ವ್ಯತ್ಯಾಸವೂ ಸಣ್ಣದಲ್ಲ.

ರಸ್ತೆಗಳೂ ಬದಲಾದವು. ಜಯದೇವ ಆಸ್ಪತ್ರೆಯ ಬಳಿಯ ಹಳೆಯ ಮೇಲ್ಸೇತುವೆಯನ್ನು ಮೆಟ್ರೋಗಾಗಿ 2020ರಲ್ಲಿ ಕೆಡವಿದರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಎರಡಂತಸ್ತಿನ ಸೇತುವೆಯ ರಸ್ತೆ 2024ರ ಜುಲೈನಲ್ಲಿ ತೆರೆಯಿತು, ಅದರ ಮೇಲಿನ ಹಳದಿ ಮಾರ್ಗದಲ್ಲಿ 2025ರ ಆಗಸ್ಟಿನಲ್ಲಿ ರೈಲು ಓಡಿತು. ಊರಿಗೆ ಒಳ್ಳೆಯದೇ ಆಯಿತು. ಆದರೆ ಸೇತುವೆಯ ಮೇಲೆ ಟ್ಯೂಬು ಹೋದರೆ ಪಕ್ಕದಲ್ಲಿ ಟೈರು ನೇತುಹಾಕಿದ ಮಾಡು ಸಿಗುವುದಿಲ್ಲ. ಗಾಡಿಯನ್ನು ಕೊನೆಯವರೆಗೂ ತಳ್ಳಬೇಕು. ಆದ್ದರಿಂದ ಇರುವ ಟ್ಯೂಬು ಸರಿಯಾಗಿರಬೇಕಾದ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ, ಅದನ್ನು ಸರಿಯಾಗಿ ಹಾಕಬಲ್ಲವರು ಮೊದಲಿಗಿಂತ ಕಡಿಮೆಯಾಗಿದ್ದಾರೆ.

ಕೆಲವು ತಿಂಗಳ ನಂತರ ಮುಂದಿನ ಚಕ್ರದ ಗಾಳಿ ಇಳಿಯತೊಡಗಿತು. ಟ್ಯೂಬು ಹಳೆಯದಾಯಿತು, ಬದಲಾಯಿಸಿಬಿಡೋಣ ಎಂದು ಹೋದೆವು. ಚಾಚಾ ಚಕ್ರ ಬಿಚ್ಚಲೇ ಇಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿದರು. ಗುಳ್ಳೆ ಎದ್ದಿತು. 'ನಕ್ಕೊ ಸಾಬ್, ಟ್ಯೂಬ್ ಅಚ್ಛೀ ಹೈ' ಎಂದು ಒಳಗಿನ ಸಣ್ಣ ಪಿನ್ನು ಬದಲಾಯಿಸಿ ಗಾಳಿ ಹೊಡೆದರು. ಕೊಳ್ಳಲು ಬಂದ ಗಿರಾಕಿಗೆ ಬೇಡವೆಂದು ಹೇಳಿ ಒಂದು ಟ್ಯೂಬಿನ ಲಾಭವನ್ನು ಬಿಟ್ಟುಕೊಟ್ಟು ಅವರು ಪಡೆದದ್ದು ಪಿನ್ನಿನ ಕೆಲವು ರೂಪಾಯಿ.

ನಾವು ಹೆಚ್ಚು ಹಣ ಕೊಡಹೋದೆವು. 'ಯಾತಕ್ಕೆ?' ಎಂದರು. ನೋಡಿ ಹೇಳಿದ್ದಕ್ಕೆ ಎಂದೆವು. ಅವರು ನಕ್ಕರು. ಹೇಳಿದ್ದಕ್ಕೆಲ್ಲ ದುಡ್ಡು ಹಿಡಿಯುವುದು ವಕೀಲರು, ನಾನಲ್ಲ ಎಂದರು. ನಾವು ಬಿಡದೆ ಒತ್ತಾಯಿಸಿದಾಗ ನೋಟು ತೆಗೆದುಕೊಂಡು, ಲೆಕ್ಕ ಸಮನಾಗಲಿ ಎಂಬಂತೆ ಹಿಂದಿನ ಚಕ್ರದ ಗಾಳಿಯನ್ನೂ ನೋಡಿ, ಚೈನಿಗೆ ಎಣ್ಣೆ ಬಿಟ್ಟು ಕಳುಹಿಸಿದರು.

ಡಾಕ್ಟರು ನಾಡಿ ಹಿಡಿದು, ನಿಮಗೆ ಏನೂ ಆಗಿಲ್ಲ, ಔಷಧ ಬೇಡ ಎಂದರೂ ನಾವು ಫೀಸು ಕೊಟ್ಟು ಕೈಮುಗಿದು ಬರುತ್ತೇವೆ. ರಸ್ತೆ ಬದಿಯ ಮನುಷ್ಯ, ಟ್ಯೂಬು ಬೇಡ ಎಂದರೆ ಮಾತ್ರ ಥ್ಯಾಂಕ್ಸ್ ಹೇಳಿ ಗಾಡಿ ಸ್ಟಾರ್ಟ್ ಮಾಡುತ್ತೇವೆ. ಸುಳ್ಳು ಹೇಳಿದರೆ ಲಾಭ, ನಿಜ ಹೇಳಿದರೆ ನಷ್ಟ ಎಂಬ ಏರ್ಪಾಡನ್ನು ನಾವೇ ಮಾಡಿಟ್ಟು ಆಮೇಲೆ ಪಂಕ್ಚರ್ ಅಂಗಡಿಯವರನ್ನು ನಂಬುವಂತಿಲ್ಲ ಎನ್ನುವುದು ಯಾವ ನ್ಯಾಯ? ಟ್ಯೂಬು ಕೊಳ್ಳುವಾಗ ಅಳತೆ ನೋಡಿ, ವಾಲ್ವು ನೋಡಿ, ಮುದ್ರೆ ನೋಡಿ. ಹಳೆಯ ಟ್ಯೂಬಿನ ತೂತನ್ನು ನೀರಿನಲ್ಲಿ ಮುಳುಗಿಸಿ ತೋರಿಸಲು ಹೇಳಿ. ಬೇಡ ಎಂದು ಹೇಳುವ ಧೈರ್ಯವಿರುವ ಒಬ್ಬರು ನಿಮ್ಮ ಬೀದಿಯಲ್ಲಿ ಸಿಕ್ಕರೆ ಆ ಬೇಡ ಎಂಬ ಮಾತಿಗೂ ಬೆಲೆ ಕೊಡಿ. ನಿಮ್ಮ ಮನೆಯ ಅಜ್ಜಿಯೂ ಮಕ್ಕಳೂ ಕೂರುವುದು ಆ ಮಾತಿನ ಮೇಲೆಯೇ.